ದನಕ್ಕೆ ಹಾಕಿದ ಬುತ್ತಿ

(ಕೊಪ್ಪಳದಲ್ಲಿ ಶಿಕ್ಷಕಿಯರು, ಅಂಗನವಾಡಿ ಕಾರ್ಯಕರ್ತೆಯರು, ಆಶಾ ಅಕ್ಕಂದಿರು ಸೇರಿದ್ದ ಒಂದು ಸಣ್ಣ ಸಭೆಯಲ್ಲಿ ಆಡಿದ ಮಾತಿದು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಮಾತಾಡುತ್ತ ನಾನು ದಾರಿ ತಪ್ಪಿದ ಕಡೆಗಳನ್ನೆಲ್ಲ ಹಾಗೇ ಇಟ್ಟರೆ ಓದುವುದು ಕಷ್ಟ. ಒಂದೆರಡು ಮಾತ್ರ ಬಿಟ್ಟಿದ್ದೇನೆ.)

ನಮ್ಮ ಶಾಲೆಯ ಹಿಂದೆ ಒಂದು ಬೇವಿನ ಮರ ಇದೆ. ಸಂಜೆ ನಾಲ್ಕೂವರೆಗೆ ಅದರ ಕೆಳಗೆ ಒಂದು ಕೆಂದ ಆಕಳು ಬಂದು ನಿಲ್ಲುತ್ತಿತ್ತು. ನನಗಾಗಿಯೇ ಬರುತ್ತಿತ್ತು. ಬೆಳಿಗ್ಗೆ ಕಟ್ಟಿಕೊಂಡು ಬಂದ ಬುತ್ತಿ ಸಂಜೆವರೆಗೂ ಚೀಲದಲ್ಲೇ ಇರುತ್ತಿತ್ತು. ಎರಡು ರೊಟ್ಟಿ, ಪಲ್ಯ, ಶೇಂಗಾ ಚಟ್ನಿ. ತುಂಬಿದ ಡಬ್ಬಿ ಮನೆಗೆ ಒಯ್ದರೆ ಅತ್ತೆ ಕೇಳುತ್ತಾರೆ. ಅದಕ್ಕೆ ರೊಟ್ಟಿ ಆಕಳಿಗೆ, ಚಟ್ನಿ ಮರದ ಬುಡಕ್ಕೆ. ಆಮೇಲೆ ನಲ್ಲಿಯ ಕೆಳಗೆ ಡಬ್ಬಿ ತೊಳೆದು, ಸೆರಗಿನಲ್ಲಿ ಒರೆಸಿ, ಬಸ್ ಹತ್ತುತ್ತಿದ್ದೆ. ಹೀಗೆ ಹನ್ನೊಂದು ವರ್ಷ. ನಡುವೆ ಆಕಳು ಬದಲಾಯಿತು, ನಾನು ಬದಲಾಗಲಿಲ್ಲ.

ಊಟ ಸೇರುತ್ತಿರಲಿಲ್ಲ ಅಂತಲ್ಲ. ಊಟದ ಹೊತ್ತು ಬಂದಿದ್ದೇ ಗೊತ್ತಾಗುತ್ತಿರಲಿಲ್ಲ. ಮಧ್ಯಾಹ್ನದ ಗಂಟೆ ಹೊಡೆದಾಗ ಕೈಯಲ್ಲಿ ಒಂದು ನೋಟ್‌ಬುಕ್ ಇರುತ್ತಿತ್ತು. ಇದೊಂದು ತಿದ್ದಿ ಎದ್ದರಾಯ್ತು ಅಂದುಕೊಳ್ಳುತ್ತಿದ್ದೆ. ತಲೆ ಎತ್ತಿದರೆ ಮುಂದಿನ ಪೀರಿಯಡ್ ಅರ್ಧ ಮುಗಿದಿರುತ್ತಿತ್ತು.

ಅದೇ ದಿನ ರಾತ್ರಿ ಹತ್ತೂವರೆಗೆ ನೋಡಬೇಕಿತ್ತು ನನ್ನನ್ನು. ಎಲ್ಲರೂ ಮಲಗಿದ ಮೇಲೆ ಅಡುಗೆಮನೆಯ ದೀಪ ಹಾಕದೆ, ನಿಂತುಕೊಂಡೇ, ಮಂಡಕ್ಕಿ ಡಬ್ಬಿಗೆ ಕೈ ಹಾಕುವುದು. ಅದಾದ ಮೇಲೆ ಶೇಂಗಾ, ಬೆಲ್ಲ. ಅದಾದ ಮೇಲೆ ತಣ್ಣಗಿನ ಅನ್ನ. ಹೊಟ್ಟೆ ತುಂಬಿದ್ದು ಗೊತ್ತಾಗುತ್ತಿದ್ದದ್ದು ಡಬ್ಬಿಯ ತಳ ಬೆರಳಿಗೆ ಹತ್ತಿದಾಗ. ಬೆಳಿಗ್ಗೆ ಅತ್ತೆ ಡಬ್ಬಿ ಅಲ್ಲಾಡಿಸಿ ನೋಡಿ, 'ಮನ್ಯಾಗ ಇಲಿ ಅದಾವು' ಅನ್ನುತ್ತಿದ್ದರು. ಅವರಿಗೆ ಗೊತ್ತಿತ್ತು ಅಂತ ಈಗ ಅನ್ನಿಸುತ್ತದೆ.

ಹಗಲು ಉಣ್ಣದ್ದಕ್ಕೆ ಬೇಜವಾಬ್ದಾರಿ ಅನ್ನಿಸಿಕೊಂಡೆ. ರಾತ್ರಿ ತಿಂದದ್ದಕ್ಕೆ ಬಾಯಿಚಪಲ ಅಂತ ನನ್ನನ್ನು ನಾನೇ ಬೈದುಕೊಂಡೆ. ಇವೆರಡೂ ಒಂದೇ ಬಳ್ಳಿಯ ಕಾಯಿ ಅಂತ ಗೊತ್ತಾಗಲು ನನಗೆ 42 ವರ್ಷ ಆಗಬೇಕಾಯಿತು. ಆ ಬಳ್ಳಿಯ ಹೆಸರು ಎಡಿಎಚ್‌ಡಿ, ಗಮನ ಹಿಡಿತಕ್ಕೆ ಸಿಗದ ಮಿದುಳಿನ ತೊಂದರೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಡಾಕ್ಟರಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ನನಗಿರುವ ತೊಂದರೆಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದ್ದೇನೆ. ಹಾಗೆ ಒಂದೇ ವಿಷಯಕ್ಕೆ ಅಂಟಿಕೊಂಡು ಓದುವುದೂ ಈ ತೊಂದರೆಯದೇ ಒಂದು ಗುಣ ಅನ್ನಿ.

ಒಂದು ದಿನ ಪ್ರಾರ್ಥನೆ ಹೊತ್ತಿನಲ್ಲಿ ತಲೆ ಸುತ್ತಿ ಬಿದ್ದೆ. ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ ಕಡಿಮೆ. ಕಬ್ಬಿಣದ ಮಾತ್ರೆ ಕೊಟ್ಟು, 'ಟೆನ್ಷನ್ ಕಮ್ಮಿ ಮಾಡ್ಕೊಳ್ರಿ ಮೇಡಂ' ಅಂದು ಕಳಿಸಿದರು. ಮಾತ್ರೆ ನುಂಗುವುದನ್ನೂ ಮರೆತೆ. ಆರು ತಿಂಗಳಿಗೆ ಮತ್ತೆ ಬಿದ್ದೆ. ಈ ಸಲ ಬೇರೆ ಡಾಕ್ಟರ್, ಹೆಣ್ಣುಮಗಳು. ಚೀಟಿ ಬರೆಯುವ ಮೊದಲು ಕೇಳಿದರು.

'ನಿನ್ನಿ ಮಧ್ಯಾಹ್ನ ಏನ್ ಉಂಡ್ರಿ?'

'ರೊಟ್ಟಿ ರೀ.'

'ಎಷ್ಟು?'

'ಎರಡು.'

'ಯಾರ ಕೂಡ ಕುಂತು ಉಂಡ್ರಿ?'

ಅಲ್ಲಿ ಸಿಕ್ಕಿಬಿದ್ದೆ. ಆಕಳಿನ ಕಥೆ ಹೊರಗೆ ಬಂತು. ಅವರು ನಗಲಿಲ್ಲ. ಹಾಲು ಎಷ್ಟು ಸಲ ಉಕ್ಕುತ್ತದೆ, ಕೀಲಿ ಎಲ್ಲಿ ಬಿಡುತ್ತೀರಿ, ಅರ್ಧಕ್ಕೆ ಬಿಟ್ಟ ಕೆಲಸ ಮನೆಯಲ್ಲಿ ಎಷ್ಟಿವೆ ಅಂತ ಕೇಳುತ್ತಾ ಹೋದರು. ಕೊನೆಗೆ ಮನೋವೈದ್ಯರ ಹತ್ತಿರ ಕಳಿಸಿದರು.

ಈ ಹೆಸರಿನ ಬಗ್ಗೆ ನನಗೊಂದು ತಕರಾರಿದೆ. ಅಟೆನ್ಷನ್ ಡೆಫಿಸಿಟ್ ಹೈಪರ್‌ಆಕ್ಟಿವಿಟಿ ಡಿಸಾರ್ಡರ್. ಅಂದರೆ ಗಮನದ ಕೊರತೆ, ಅತಿಯಾದ ಚಟುವಟಿಕೆ. ಹಾಗಂದರೆ ಗಮನವೇ ಇಲ್ಲ ಅಂತ ಜನ ತಿಳಿಯುತ್ತಾರೆ. 2024ರ ಆಗಸ್ಟ್‌ನಲ್ಲಿ ನಮ್ಮ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋಯಿತಲ್ಲ, ಆಗ ಡ್ಯಾಮಿನಲ್ಲಿ ನೀರಿಲ್ಲ ಅಂತ ಯಾರಾದರೂ ಅಂದರಾ? ನೀರು ತುಂಬಿತ್ತು, ಗೇಟು ಕೈಯಲ್ಲಿರಲಿಲ್ಲ. ನನ್ನ ತಲೆ ಹಾಗೆ. ಒಂದು ಕಡೆ ಹರಿದರೆ ಹರಿದದ್ದೇ. ಕಾಲುವೆಯ ಕೊನೆ ಭಾಗದ ರೈತ ಮಾತ್ರ ನೀರಿಲ್ಲದೆ ಕಾಯುತ್ತ ಕೂತಿರುತ್ತಾನೆ. ನನ್ನ ಹೊಟ್ಟೆ ಆ ಕೊನೆ ಭಾಗದ ರೈತ.

ಮಿದುಳಿನ ಲೆಕ್ಕದಲ್ಲಿ ಹೇಳುವುದಾದರೆ, ಡೋಪಮಿನ್, ನಾರ್‌ಅಡ್ರಿನಾಲಿನ್ ಅನ್ನುವ ರಾಸಾಯನಿಕಗಳ ಕೆಲಸದಲ್ಲಿ ವ್ಯತ್ಯಾಸ ಇರುತ್ತದೆ. ಯಾವುದು ಮೊದಲು, ಯಾವುದು ಆಮೇಲೆ, ಎಲ್ಲಿ ನಿಲ್ಲಿಸಬೇಕು, ಎಷ್ಟು ಹೊತ್ತಾಯಿತು ಅನ್ನುವ ಮೇಸ್ತ್ರಿ ಕೆಲಸ ತಪ್ಪುತ್ತದೆ. ಇದು ಹುಟ್ಟಿನಿಂದ ಬರುವಂಥದ್ದು. ಅವಳಿ ಮಕ್ಕಳ ಅಧ್ಯಯನಗಳಲ್ಲಿ ವಂಶದ ಪಾಲು ಶೇ 70ರಿಂದ 80ರಷ್ಟು ಕಂಡಿದೆ. ನಮ್ಮಪ್ಪ ಒಂದು ಮುಂಜಾನೆಗೆ ಮೂರು ಕಡೆ ಮೂರು ಚಹಾದ ಕಪ್ ಇಟ್ಟು ಮರೆಯುತ್ತಿದ್ದರು. ಅವರಿಗೆ ಯಾರೂ ಏನೂ ಅನ್ನಲಿಲ್ಲ. ಗಂಡಸು ಅಲ್ವಾ, ಯೋಚನೆಯಲ್ಲಿದ್ದಾರೆ ಅಂದರು.

ಹೆಣ್ಣುಮಕ್ಕಳಲ್ಲಿ ಇದು ಯಾಕೆ ಬೇಗ ಗೊತ್ತಾಗುವುದಿಲ್ಲ? ಮೊದಲಿನಿಂದ ನೋಡಿದ್ದು ಗಂಡುಮಕ್ಕಳನ್ನೇ. 1902ರಲ್ಲಿ ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ ಇಂಥ ಮಕ್ಕಳ ಬಗ್ಗೆ ಉಪನ್ಯಾಸ ಕೊಟ್ಟರು. ಅವರು ವಿವರಿಸಿದ ಮಕ್ಕಳಲ್ಲೂ ಹುಡುಗರೇ ಜಾಸ್ತಿ. ಬೆಂಚು ಹತ್ತುವ, ಕೂಗಾಡುವ ಹುಡುಗ ಎಲ್ಲರ ಕಣ್ಣಿಗೆ ಬೀಳುತ್ತಾನೆ. ಕಿಟಕಿಯ ಹೊರಗೆ ನೋಡುತ್ತ ಸುಮ್ನೆ ಕೂತ ಹುಡುಗಿ ಯಾರಿಗೂ ತೊಂದರೆ ಕೊಡುವುದಿಲ್ಲ. ಮೇಷ್ಟ್ರು ಅವಳನ್ನು ಒಳ್ಳೆ ಹುಡುಗಿ ಅನ್ನುತ್ತಾರೆ. ನಾನೂ ಎಷ್ಟು ಹುಡುಗಿಯರಿಗೆ ಹಾಗಂದಿದ್ದೇನೋ.

ಅಮೆರಿಕದ ಮನೋವೈದ್ಯರ ಕೈಪಿಡಿ ಇದೆಯಲ್ಲ, ಡಿಎಸ್‌ಎಂ, ಅದರ 1980ರ ಆವೃತ್ತಿಯಲ್ಲಿ ಅತಿಚಟುವಟಿಕೆ ಇಲ್ಲದೆ ಬರೀ ಗಮನದ ತೊಂದರೆಯೂ ಇರಬಹುದು ಅಂತ ಬರೆದರು. 2013ರ ಆವೃತ್ತಿಯಲ್ಲಿ ಇನ್ನೊಂದು ಮುಖ್ಯ ಬದಲಾವಣೆ ಬಂತು. ಲಕ್ಷಣಗಳು 7 ವರ್ಷದೊಳಗೆ ಕಾಣಬೇಕು ಅಂತಿದ್ದದ್ದನ್ನು 12 ವರ್ಷ ಮಾಡಿದರು. ದೊಡ್ಡವರಿಗೆ ಒಂಬತ್ತರಲ್ಲಿ ಆರರ ಬದಲು ಐದು ಲಕ್ಷಣ ಇದ್ದರೆ ಸಾಕು ಅಂದರು. ನನ್ನಂಥವಳು ಆ ಬಾಗಿಲಿನಿಂದ ಒಳಗೆ ಬಂದವಳು. ಮಕ್ಕಳಲ್ಲಿ ಹುಡುಗಿಯರಿಗಿಂತ ಎರಡು ಮೂರು ಪಟ್ಟು ಹುಡುಗರಲ್ಲಿ ಇದನ್ನು ಗುರುತಿಸುತ್ತಾರೆ. ದೊಡ್ಡವರಲ್ಲಿ ನೋಡಿದರೆ ಆ ಅಂತರ ಬಹಳ ಕಡಿಮೆ. ಹುಡುಗಿಯರು ದೊಡ್ಡವರಾದ ಮೇಲೆ ಕಾಯಿಲೆ ಹಿಡಿಯಿತು ಅಂತಲ್ಲ ಇದರ ಅರ್ಥ. ಚಿಕ್ಕವರಿದ್ದಾಗ ಯಾರೂ ನೋಡಿರಲಿಲ್ಲ, ಅಷ್ಟೇ.

ಮನೋವೈದ್ಯರು ನನ್ನ ಅವ್ವನನ್ನು ಕರೆದುಕೊಂಡು ಬನ್ನಿ ಅಂದಿದ್ದರು. ಇದಕ್ಕೆ ರಕ್ತ ಪರೀಕ್ಷೆಯಾಗಲಿ ಸ್ಕ್ಯಾನ್ ಆಗಲಿ ಇಲ್ಲ. ಚಿಕ್ಕಂದಿನಿಂದ ಹೇಗಿದ್ದೆವು ಅಂತ ಕೇಳಿಯೇ ತಿಳಿಯಬೇಕು. ನನ್ನ ತವರು ಕಿನ್ನಾಳ. ಗೊಂಬೆ ಮಾಡುವವರ ಊರು, ನಿಮಗೆಲ್ಲ ಗೊತ್ತಿದ್ದದ್ದೇ. ಅವ್ವ ಡಾಕ್ಟರ ಮುಂದೆ ಕೂತು ಹೇಳಿದಳು: 'ಹೆಪ್ಪು ತಾ ಅಂತ ಕಳಿಸಿದ್ರ ದೀಪ ಹಚ್ಚೋ ಹೊತ್ತಿಗೆ ಬಂದ್ಲು ರೀ. ಹೆಪ್ಪೂ ಇಲ್ಲ, ಬಟ್ಟಲಾನೂ ಇಲ್ಲ. ಅಂಗೈ ತುಂಬ ಬಣ್ಣ.' ಚಿತ್ರಗಾರರ ಮನೆಯ ಕಟ್ಟೆ ಮೇಲೆ ಕೂತು ಗೊಂಬೆಗೆ ಕಣ್ಣು ಬರೆಯುವುದನ್ನು ನೋಡುತ್ತ ಕೂತುಬಿಟ್ಟಿದ್ದೆ. ಹಸಿವೂ ಇಲ್ಲ, ನೀರಡಿಕೆಯೂ ಇಲ್ಲ. ಆ ಬಟ್ಟಲು ಇನ್ನೂ ಸಿಕ್ಕಿಲ್ಲ. ಅವ್ವನಿಗೆ ಈಗಲೂ ಅದರದೇ ಸಿಟ್ಟು.

ಹತ್ತನೇ ಕ್ಲಾಸಿನವರೆಗೆ ನಾನು ಚೆನ್ನಾಗೇ ಓದಿದೆ. ಯಾಕೆಂದರೆ ಉಣ್ಣು ಅಂದಾಗ ಉಂಡೆ, ಓದು ಅಂದಾಗ ಓದಿದೆ. ಅವ್ವನೇ ನನ್ನ ಗಡಿಯಾರ. ಹಾಸ್ಟೆಲ್ಲಿಗೆ ಹೋದಾಗ ಗಡಿಯಾರ ಊರಲ್ಲೇ ಉಳಿಯಿತು. ಮದುವೆಯಾದ ಮೇಲಂತೂ ಎಲ್ಲರಿಗೂ ನಾನೇ ಗಡಿಯಾರ ಆಗಬೇಕಾಯಿತು. ಹೆಣ್ಣುಮಕ್ಕಳಿಗೆ ಇದು ಮದುವೆಯ ನಂತರ ಯಾಕೆ ತಲೆ ಮೇಲೆ ಬೀಳುತ್ತದೆ ಅಂದರೆ, ಕೆಲಸ ಜಾಸ್ತಿ ಆಗುತ್ತದೆ ಅಂತ ಮಾತ್ರ ಅಲ್ಲ. ನೆನಪಿಡುವ ಕೆಲಸ ಜಾಸ್ತಿ ಆಗುತ್ತದೆ.

ಇಲ್ಲಿ ಒಂದು ವಿಚಿತ್ರ ಹೇಳಬೇಕು. ಗವಿಮಠದ ಜಾತ್ರೆ ಬಂದಾಗ ಊರೂರಲ್ಲಿ ಹೆಣ್ಣುಮಕ್ಕಳು ಸೇರಿ ದಾಸೋಹಕ್ಕೆ ರೊಟ್ಟಿ ಬಡಿಯುತ್ತೇವೆ. ಲಕ್ಷಗಟ್ಟಲೆ ರೊಟ್ಟಿ ಟ್ರ್ಯಾಕ್ಟರಿನಲ್ಲಿ ಮಠಕ್ಕೆ ಹೋಗುತ್ತವೆ. ಅಲ್ಲಿ ನನ್ನನ್ನು ಮೀರಿಸುವವರು ಕಡಿಮೆ. ಮುಂಜಾನೆ ಆರಕ್ಕೆ ಒಲೆ ಮುಂದೆ ಕೂತರೆ ಹನ್ನೊಂದರ ತನಕ ಎದ್ದಿಲ್ಲ. ಬಿಸಿ ಎಸರಿಗೆ ಹಿಟ್ಟು ಹಾಕಿ ನಾದಬೇಕು. ಉಂಡೆ ಕಟ್ಟಿ, ತಿರುಗಿಸುತ್ತ ಬಡಿಯಬೇಕು. ಹಂಚಿಗೆ ಹಾಕಿದ ಕೂಡಲೇ ಮೇಲೆ ಒದ್ದೆ ಬಟ್ಟೆ ಆಡಿಸಬೇಕು. ನೀರು ಆರುವ ಹೊತ್ತಿಗೆ ಸರಿಯಾಗಿ ತಿರುವಬೇಕು. ತಡವಾದರೆ ಬಿರಿಯುತ್ತದೆ. ಪ್ರತಿ ರೊಟ್ಟಿಯೂ 'ಈಗ, ಈಗ' ಅನ್ನುತ್ತದೆ. ನನ್ನ ತಲೆಗೆ ಕೇಳಿಸುವುದು ಆ 'ಈಗ' ಒಂದೇ. ಪಕ್ಕದಲ್ಲಿ ಹತ್ತು ಹೆಂಗಸರ ಮಾತು, ನಗು, ಹೊಗೆ, ಬಿಸಿ. ಕೈ ತಪ್ಪುವುದೇ ಇಲ್ಲ.

ಅದೇ ನಾನು ಮನೆಯಲ್ಲಿ ನಾಲ್ಕು ಜನಕ್ಕೆ ಅಡುಗೆ ಮಾಡಲು ಒದ್ದಾಡುತ್ತೇನೆ. ರೊಟ್ಟಿ ಬಡಿಯುವುದು ಕಷ್ಟವಲ್ಲ. ಅದಕ್ಕೆ ಮುಂಚೆ ಇರುವುದೆಲ್ಲ ಕಷ್ಟ. ಜೋಳ ಗಿರಣಿಗೆ ಕಳಿಸಬೇಕಿತ್ತು. ರಾತ್ರಿ ಮಡಕೆ ಕಾಳು ನೆನೆಸಬೇಕಿತ್ತು. ಸಿಲಿಂಡರ್ ಬುಕ್ ಮಾಡಬೇಕಿತ್ತು. ಮನೆಯಲ್ಲಿ ಮೂರು ಪ್ಯಾಕೆಟ್ ಸಾಸಿವೆ ಇವೆ, ಉಪ್ಪಿಲ್ಲ. ಫ್ರಿಜ್ಜಿನ ಕೆಳಗಿನ ಟ್ರೇಯಲ್ಲಿ ಕೊತ್ತಂಬರಿ ನೀರಾಗಿದೆ. ಒಲೆ ಮೇಲೆ ಹಾಲಿಟ್ಟು, ಅದು ಕಾಯುವವರೆಗೆ ಬಟ್ಟೆ ತೆಗೆದು ಬರೋಣ ಅಂತ ಮಾಳಿಗೆ ಹತ್ತಿದರೆ ಮುಗಿಯಿತು. ಅಡುಗೆ ಅನ್ನುವುದು ದಿನಕ್ಕೆ ಮೂರು ಸಲ ನಡೆಯುವ ಪರೀಕ್ಷೆ. ಫೇಲಾದರೆ ಹಾಲು ಕೆಟ್ಟಿತು ಅನ್ನುವುದಿಲ್ಲ, ಸೊಸೆ ಸರಿಯಿಲ್ಲ ಅನ್ನುತ್ತಾರೆ. 'ಓದಿದಾಕಿ ಅಂತ ತಂದ್ವಿ, ಹಾಲು ಕಾಯಿಸಾಕ ಬರಂಗಿಲ್ಲ' ಅನ್ನುವ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೆ ಅಂದರೆ, ಅತ್ತೆ ಊರಿಗೆ ಹೋದಾಗ ಹಾಲೇ ಅದನ್ನು ಹೇಳಿದಂತೆ ಕೇಳುತ್ತಿತ್ತು.

ಈಗ ಊಟಕ್ಕೆ ಬರೋಣ. ಈ ತೊಂದರೆ ಇರುವ ಅನೇಕರಿಗೆ ದೇಹದ ಒಳಗಿನ ಸದ್ದು ಸರಿಯಾಗಿ ಕೇಳಿಸುವುದಿಲ್ಲ. ಹಸಿವು, ನೀರಡಿಕೆ, ಮೂತ್ರಕ್ಕೆ ಹೋಗಬೇಕು ಅನ್ನುವುದು, ಇವೆಲ್ಲ ತಡವಾಗಿ, ಒಮ್ಮೆಲೇ ಬರುತ್ತವೆ. ಬಂದಾಗ ಕೈಕಾಲು ನಡುಗುವಷ್ಟು ಬರುತ್ತವೆ. ಆ ಹೊತ್ತಿಗೆ ಎಸರಿಡುವ ತಾಳ್ಮೆ ಯಾರಿಗಿದೆ? ಕೈಗೆ ಸಿಕ್ಕಿದ್ದನ್ನು ತಿನ್ನುತ್ತೇವೆ. ಅದು ಸಿಹಿ, ಕರಿದದ್ದು, ಕುರುಕಲು. ಡೋಪಮಿನ್ ಹಸಿವಿನಲ್ಲಿರುವ ಮಿದುಳಿಗೂ ಅದೇ ಬೇಕು. ಬಜಾರಿನಲ್ಲಿ ಬಿಸಿ ಮಿರ್ಚಿಯ ವಾಸನೆ ಬಂದರೆ ನನ್ನ ಕಾಲು ನನ್ನ ಮಾತು ಕೇಳುವುದಿಲ್ಲ. ನಿಲ್ಲಿಸುವ ಬ್ರೇಕೂ ಸಡಿಲ. ಹಾಗಾಗಿ ಶುರು ಮಾಡುವುದೂ ತಡ, ನಿಲ್ಲಿಸುವುದೂ ತಡ.

ಒಮ್ಮೆಲೇ ಮಿತಿಯಿಲ್ಲದೆ ತಿನ್ನುವ ತೊಂದರೆ, ತಿಂದು ವಾಂತಿ ಮಾಡಿಕೊಳ್ಳುವ ತೊಂದರೆ ಎಡಿಎಚ್‌ಡಿ ಇರುವವರಲ್ಲಿ ಉಳಿದವರಿಗಿಂತ ಜಾಸ್ತಿ ಕಾಣುತ್ತದೆ. ಎಲ್ಲರಿಗೂ ಇರುತ್ತದೆ ಅಂತಲ್ಲ. ಆದರೆ ನಂಟಿದೆ. ಎಡಿಎಚ್‌ಡಿಗೆ ಕೊಡುವ ಲಿಸ್‌ಡೆಕ್ಸಾಂಫೆಟಮಿನ್ ಅನ್ನುವ ಔಷಧಿಯನ್ನು ಅಮೆರಿಕದಲ್ಲಿ 2015ರಿಂದ ಈ ಮಿತಿಮೀರಿ ತಿನ್ನುವ ತೊಂದರೆಗೂ ಕೊಡಲು ಒಪ್ಪಿಗೆ ಸಿಕ್ಕಿದೆ. ಬರೀ ನಾಲಿಗೆಯ ಚಪಲ ಆಗಿದ್ದರೆ ಗಮನದ ಮಾತ್ರೆ ಅಲ್ಲಿ ಯಾಕೆ ಕೆಲಸ ಮಾಡುತ್ತಿತ್ತು?

ನಮ್ಮ ಕಡೆಯ ಹೆಣ್ಣುಮಕ್ಕಳಲ್ಲಿ ಇದು ಮುಚ್ಚಿಹೋಗಲು ಇನ್ನೆರಡು ಕಾರಣ ಇವೆ. ನಾವು ಎಲ್ಲರದ್ದೂ ಆದ ಮೇಲೆ ಉಣ್ಣುವವರು. ನಮ್ಮ ತಾಟಿನಲ್ಲಿ ಏನಿತ್ತು, ಏನಿರಲಿಲ್ಲ ಅಂತ ನೋಡಲು ಅಲ್ಲಿ ಯಾರೂ ಇರುವುದಿಲ್ಲ. ಎರಡನೆಯದು ಉಪವಾಸ. ಶ್ರಾವಣ ಸೋಮವಾರ, ಸಂಕಷ್ಟಿ, ಶಿವರಾತ್ರಿ. ನಾನು ಊಟ ಮರೆತ ದಿನ ಯಾರಾದರೂ ಕೇಳಿದರೆ 'ಒಪ್ಪತ್ತು ರೀ' ಅಂದುಬಿಡುತ್ತಿದ್ದೆ. ಎಲ್ಲರೂ ಕೈಮುಗಿಯುವುದೊಂದು ಬಾಕಿ. ದೇವರ ಹೆಸರಲ್ಲಿ ಉಪವಾಸ ಮಾಡುವವರ ಬಗ್ಗೆ ನನಗೆ ಏನೂ ಮಾತಿಲ್ಲ. ನಾನು ಮಾಡಿದ್ದು ಅದಲ್ಲ.

ತಿಂಗಳ ಮುಟ್ಟಿನ ಮಾತನ್ನೂ ಆಡಬೇಕು. ಈಸ್ಟ್ರೊಜೆನ್ ಅನ್ನುವ ಹೆಣ್ಣು ಹಾರ್ಮೋನು ಡೋಪಮಿನ್ನಿಗೆ ಒತ್ತಾಸೆಯಾಗಿ ನಿಲ್ಲುತ್ತದೆ. ಮುಟ್ಟಿನ ಹಿಂದಿನ ವಾರ ಅದು ಇಳಿಯುತ್ತದೆ. ಆ ವಾರ ಮರೆವೂ ಜಾಸ್ತಿ, ಸಿಟ್ಟೂ ಜಾಸ್ತಿ, ಸಿಹಿಯ ಆಸೆಯೂ ಜಾಸ್ತಿ ಅಂತ ಅನೇಕ ಹೆಂಗಸರು ಹೇಳುತ್ತಾರೆ. ಹೆರಿಗೆಯ ನಂತರ, ಮುಟ್ಟು ನಿಲ್ಲುವ ವಯಸ್ಸಿನಲ್ಲೂ ಹೀಗೇ. ಹೆಂಗಸರ ಮೇಲೆ ನಡೆದ ಸಂಶೋಧನೆಯೇ ಕಡಿಮೆ ಇರುವುದರಿಂದ ಡಾಕ್ಟರುಗಳೂ ಇದನ್ನು ತಾವಾಗಿ ಕೇಳುವುದು ಅಪರೂಪ. ನೀವೇ ಹೇಳಬೇಕು.

ಇಷ್ಟು ಕೇಳಿ ಮನೆಗೆ ಹೋಗಿ, ಹಾಲು ಉಕ್ಕಿಸಿದವರಿಗೆಲ್ಲ ಎಡಿಎಚ್‌ಡಿ ಅನ್ನಬೇಡಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿದರೆ, ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧ ಜನಕ್ಕೆ ರಕ್ತಹೀನತೆ ಇದೆ. ರಕ್ತ ಕಡಿಮೆಯಾದರೂ ತಲೆ ಮಂಕಾಗುತ್ತದೆ. ಥೈರಾಯ್ಡ್, ನಿದ್ದೆಗೇಡು, ಖಿನ್ನತೆ, ಇವುಗಳಲ್ಲೂ ಮರೆವು ಬರುತ್ತದೆ. ಹೋದ ವರ್ಷ ಶುರುವಾದ ಮರೆವು ಎಡಿಎಚ್‌ಡಿ ಅಲ್ಲ. ಅದು ಚಿಕ್ಕಂದಿನಿಂದ ಇರಬೇಕು. ಮನೆಯಲ್ಲೂ ಇರಬೇಕು, ಹೊರಗೂ ಇರಬೇಕು. ನನಗೆ ರಕ್ತಹೀನತೆ, ಎಡಿಎಚ್‌ಡಿ ಎರಡೂ ಇದ್ದವು. ಉಣ್ಣದೇ ರಕ್ತ ಕಡಿಮೆ, ರಕ್ತ ಕಡಿಮೆಯಾಗಿ ತಲೆ ಇನ್ನೂ ಮಂಕು. ಮೊದಲು ರಕ್ತದ್ದು ಸರಿ ಮಾಡಿದರು.

ಎಲ್ಲಿಗೆ ಹೋಗಬೇಕು ಅಂತ ಆಶಾ ಅಕ್ಕಂದಿರು ಆಗಲೇ ಕೇಳಿದರು. ಹಳ್ಳಿಯ ಜನಕ್ಕೆ ಹತ್ತಿರದಲ್ಲೇ ಮನಸ್ಸಿನ ಚಿಕಿತ್ಸೆ ಕೊಡಬಹುದು ಅಂತ 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನವರು ಪ್ರಯೋಗ ಮಾಡಿ ತೋರಿಸಿದ್ದು ನಮ್ಮ ಪಕ್ಕದ ಬಳ್ಳಾರಿಯಲ್ಲಿ. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರುಗಳಿಗೆ, ಸಿಬ್ಬಂದಿಗೆ ತರಬೇತಿ ಕೊಟ್ಟರು. ಅದಕ್ಕೆ ಬಳ್ಳಾರಿ ಮಾದರಿ ಅಂತಲೇ ಹೆಸರು. 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಅಂತ ದೇಶದ ಬೇರೆ ಜಿಲ್ಲೆಗಳಿಗೆ ಹೋಗಿದ್ದು ಅದೇ ಮಾದರಿ. ಆಗಿನ್ನೂ ನಾವು ರಾಯಚೂರು ಜಿಲ್ಲೆಯಲ್ಲಿದ್ದೆವು, ಕೊಪ್ಪಳ ಜಿಲ್ಲೆಯಾದದ್ದು 1997ರಲ್ಲಿ. ಇಷ್ಟು ಹತ್ತಿರ ಶುರುವಾದದ್ದು ನಮಗೇ ಗೊತ್ತಿಲ್ಲ ನೋಡಿ. ಜಿಲ್ಲಾಸ್ಪತ್ರೆಯ ಮನೋವೈದ್ಯ ವಿಭಾಗದಲ್ಲಿ ತೋರಿಸಬಹುದು. ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಮನೋಚೈತನ್ಯ ಅನ್ನುವ ಕಾರ್ಯಕ್ರಮವನ್ನು ರಾಜ್ಯ ಸರ್ಕಾರ ಶುರು ಮಾಡಿತ್ತು. ನಿಮ್ಮಲ್ಲಿ ಯಾವ ದಿನ ಬರುತ್ತಾರೆ ಅಂತ ವಿಚಾರಿಸಿ. ಹೊರಗೆ ಹೋಗಲು ಆಗದಿದ್ದರೆ ಮನಸ್ಸಿನ ತೊಂದರೆಗೆ ಫೋನಿನಲ್ಲೇ ಸಲಹೆ ಕೊಡುವ ಸರ್ಕಾರದ ಟೆಲಿ ಮನಸ್ ಇದೆ, 14416. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಮಾತ್ರೆಯ ವಿಷಯ. ಮೀಥೈಲ್‌ಫೆನಿಡೇಟ್, ಅಟೊಮಾಕ್ಸೆಟಿನ್, ಇವು ಇಲ್ಲಿ ಸಾಮಾನ್ಯವಾಗಿ ಬರೆದುಕೊಡುವ ಔಷಧಿಗಳು. ಡಾಕ್ಟರ ಚೀಟಿ ಇಲ್ಲದೆ ತೆಗೆದುಕೊಳ್ಳುವಂಥದ್ದಲ್ಲ. ಮಾತ್ರೆಯಿಂದ ನನ್ನ ಗೇಟು ಅರ್ಧ ಕೈಗೆ ಬಂತು. ಆದರೆ ಅದು ಹಸಿವನ್ನು ಅದುಮುತ್ತದೆ. ಮೊದಲೇ ಊಟ ಮರೆಯುವವಳಿಗೆ ಹಸಿವು ಸಾಯಿಸುವ ಮಾತ್ರೆ! ಸಂಜೆ ಅದರ ಕಸುವು ಇಳಿದಾಗ ಹಸಿವು ಬಡ್ಡಿ ಸಮೇತ ವಾಪಸ್ ಬರುತ್ತದೆ. ಅದಕ್ಕೆ ಡಾಕ್ಟರ್ ಒಂದು ಕಟ್ಟುಪಾಡು ಹಾಕಿದರು. ಹೊಟ್ಟೆಗೆ ಏನಾದರೂ ಬೀಳದೆ ಮಾತ್ರೆ ಬಾಯಿಗೆ ಹೋಗಬಾರದು. ಈಗ ಮಾತ್ರೆಯ ಪಟ್ಟಿಯನ್ನು ರೊಟ್ಟಿ ಬುಟ್ಟಿಯಲ್ಲೇ ಇಟ್ಟಿದ್ದೇನೆ.

ಉಳಿದದ್ದೆಲ್ಲ ಸಣ್ಣ ಸಣ್ಣ ಉಪಾಯ. ಕಣ್ಣಿಗೆ ಬೀಳದ್ದು ನನ್ನ ಪಾಲಿಗೆ ಇಲ್ಲ. ಹಾಗಾಗಿ ಕಪಾಟಿನ ಬಾಗಿಲು ಕಿತ್ತಿಸಿದೆ. ಡಬ್ಬಿಗಳೆಲ್ಲ ಪಾರದರ್ಶಕ. ಅತ್ತೆಗೆ ಅದು ಅಂಗಡಿ ಕಂಡಹಾಗೆ ಕಾಣುತ್ತದಂತೆ, ಕಾಣಲಿ. ಅಲಾರಾಂ ಇಟ್ಟುಕೊಂಡೆ, ಆದರೆ ಅದನ್ನು ಒತ್ತಿ ಬಂದ್ ಮಾಡಿ ಮತ್ತೆ ನೋಟ್‌ಬುಕ್ ತಿದ್ದುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಕೊನೆಗೆ ನಡೆದದ್ದು ಮನುಷ್ಯರ ಅಲಾರಾಂ. ನಮ್ಮ ಹಿಂದಿ ಟೀಚರ್ ಇಲ್ಲೇ ಮುಂದೆ ಕೂತಿದ್ದಾರೆ. ದಿನಾ ಮಧ್ಯಾಹ್ನ ಬಂದು ನನ್ನ ಪೆನ್ನು ಕಸಿದುಕೊಳ್ಳುತ್ತಾರೆ. ಮಾತಿಲ್ಲ, ಬೈಗುಳ ಇಲ್ಲ, ಪೆನ್ನು ಹೋಗುತ್ತದೆ. ಊಟ ಆದ ಮೇಲೆ ವಾಪಸ್.

ನಮ್ಮ ಕಡೆಯ ಅಡುಗೆಮನೆ ನನ್ನಂಥವರಿಗಾಗಿಯೇ ಒಂದು ದಾರಿ ಮಾಡಿಟ್ಟಿತ್ತು. ನನಗೇ ಹೊಳೆದಿರಲಿಲ್ಲ. ಖಡಕ್ ರೊಟ್ಟಿ. ವಾರಗಟ್ಟಲೆ ಕೆಡುವುದಿಲ್ಲ. ಜೊತೆಗೆ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಒಂದು ಬಟ್ಟಲು ಮೊಸರು, ಒಂದು ಈರುಳ್ಳಿ. ಒಲೆ ಹಚ್ಚುವುದು ಬೇಡ, ಏನೂ ನೆನಪಿಡುವುದು ಬೇಡ. ಹೊಲಕ್ಕೆ ಹೋಗುವವರು ಕಟ್ಟಿಕೊಂಡು ಹೋಗುತ್ತಿದ್ದದ್ದೂ ಅದೇ ಅಲ್ವಾ? ನಮ್ಮ ಓಣಿಯಲ್ಲಿ ರೊಟ್ಟಿ ಮಾಡಿ ಮಾರುವ ಅಕ್ಕ ಒಬ್ಬರಿದ್ದಾರೆ. ತಿಂಗಳಿಗೆ ಅವರಿಗೆ ದುಡ್ಡು ಕೊಡುತ್ತೇನೆ. ರೊಟ್ಟಿ ಕೊಂಡು ತಿನ್ನುವ ಸೊಸೆ ಅಂತ ಮೊದಮೊದಲು ಓಣಿಯಲ್ಲಿ ಮಾತಾಯಿತು. ಎರಡು ತಿಂಗಳಿಗೆ ಅತ್ತೆಯೇ ಆ ಅಕ್ಕನಿಗೆ 'ಈ ಸಲದ್ದು ಸ್ವಲ್ಪ ದಪ್ಪ ಆಗ್ಯಾವ' ಅಂತ ತಾಕೀತು ಮಾಡುತ್ತಿದ್ದರು.

ರಾತ್ರಿಯ ಮಂಡಕ್ಕಿ ನಿಂತಿಲ್ಲ, ಕಡಿಮೆಯಾಗಿದೆ. ಹಗಲು ಉಂಡ ದಿನ ಆ ಡಬ್ಬಿ ನೆನಪಾಗುವುದೇ ಇಲ್ಲ. ನಾನು ಹಸಿವನ್ನು ಮರೆತು, ಆಮೇಲೆ ಅದರ ಮೇಲೆ ಸಿಟ್ಟಾಗುತ್ತಿದ್ದೆ. ಈಗ ತಿಂದರೂ ದೀಪ ಹಾಕಿಕೊಂಡು, ತಾಟಿಗೆ ಹಾಕಿಕೊಂಡು, ಕೂತು ತಿನ್ನುತ್ತೇನೆ.

ಇಲ್ಲಿಗೆ ನನ್ನ ಮಾತು ನಿಲ್ಲಿಸಿದೆ. ಆಮೇಲೆ ಪ್ರಶ್ನೆಗಳು ಬಂದವು. ಕೊನೆಯ ಸಾಲಿನಿಂದ ಒಬ್ಬರು ಎದ್ದರು. ಅಂಗನವಾಡಿಯಲ್ಲಿ ದುಡಿದು ನಿವೃತ್ತರಾದವರು.

'ಟೀಚರ್, ನೀವು ಹೇಳಿದ್ದು ಎಲ್ಲಾ ನಂದ ಕಥಿ ಇದ್ದಂಗ ಐತಿ. ನನಗ ಈಗ ಅರವತ್ತರ ಮ್ಯಾಲ ಆತು. ಈಗ ಗೊತ್ತಾಗಿ ಏನ್ ಮಾಡ್ಲಿ?'

ನನಗೆ ಉತ್ತರ ಹೊಳೆಯಲಿಲ್ಲ. ಬಾಯಿಗೆ ಬಂದದ್ದನ್ನೇ ಕೇಳಿದೆ.

'ಮುಂಜಾನೆ ಏನ್ ತಿಂದು ಬಂದ್ರಿ ಅಮ್ಮಾರೆ?'

ಅವರು ಯೋಚಿಸಿದರು. 'ಚಾ.'

'ಆಮ್ಯಾಲ?'

ಇನ್ನೂ ಸ್ವಲ್ಪ ಹೊತ್ತು ಯೋಚಿಸಿದರು. 'ಚಾ.'

ಮುಂದಿನ ಸಾಲಿನಿಂದ ಹಿಂದಿ ಟೀಚರ್ ಎದ್ದು ಬಂದು ನನ್ನ ಕೈಯಿಂದ ಮೈಕ್ ಕಸಿದುಕೊಂಡರು. ಗಂಟೆ ಎರಡಾಗಿತ್ತು.